ಹೃದಯಕ್ಕಾಗಿ ವೈನ್ ಕುಡಿಯಬೇಕೆ?

ಈ ತಿಂಗಳು ಬಂದ ಪತ್ರಗಳಲ್ಲಿ ವೈನ್ ಕುರಿತ ಪ್ರಶ್ನೆಗಳೇ ಹೆಚ್ಚಾಗಿದ್ದುದರಿಂದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಬರೆದವರ ಹೆಸರುಗಳನ್ನು ಬಿಟ್ಟು, ನಮ್ಮ ವೈದ್ಯ ಅಂಕಣಕಾರರ ಉತ್ತರಗಳೊಂದಿಗೆ ಇಲ್ಲಿ ಕೊಡಲಾಗಿದೆ.

ಪ್ರಶ್ನೆ: ನಾನು ಅರವತ್ತು ದಾಟಿದ ನಿವೃತ್ತ ಉಪನ್ಯಾಸಕ. ರಕ್ತದೊತ್ತಡಕ್ಕೆ ಹಲವು ವರ್ಷಗಳಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಕೊಲೆಸ್ಟರಾಲ್ ಸ್ವಲ್ಪ ಹೆಚ್ಚಿದೆ. ಜೀವನದಲ್ಲಿ ಮದ್ಯ ಮುಟ್ಟಿದವನಲ್ಲ. ಅಮೆರಿಕದಲ್ಲಿರುವ ಮಗ ಈ ಸಲ ಬಂದಾಗ ಕೆಂಪು ವೈನ್ ಬಾಟಲಿ ತಂದು, ರಾತ್ರಿ ಊಟದ ಜೊತೆ ಒಂದು ಸಣ್ಣ ಲೋಟ ತೆಗೆದುಕೊಂಡರೆ ಹೃದಯಕ್ಕೆ ಒಳ್ಳೆಯದೆಂದು ಒತ್ತಾಯಿಸಿ ಹೋಗಿದ್ದಾನೆ. ಈ ವಯಸ್ಸಿನಲ್ಲಿ ಶುರು ಮಾಡಬಹುದೆ? (ಧಾರವಾಡ)

ಉತ್ತರ: ಬೇಡ. ಇಷ್ಟಕ್ಕೇ ಉತ್ತರವನ್ನು ಮುಗಿಸಬಹುದಿತ್ತು. ಆದರೆ ನಿಮ್ಮ ಮಗ ಹೇಳಿದ್ದು ಅವರೇ ಕಟ್ಟಿದ ಮಾತಲ್ಲ. ವೈದ್ಯರಲ್ಲೂ ಅನೇಕರು ಬಹುಕಾಲ ನಂಬಿ, ರೋಗಿಗಳಿಗೂ ಹೇಳಿದ್ದ ಮಾತು. ಅದು ಎಲ್ಲಿಂದ ಬಂತು, ಈಗ ಏಕೆ ನಿಲ್ಲುತ್ತಿಲ್ಲ ಎಂಬುದನ್ನು ವಿವರವಾಗಿ ಹೇಳದಿದ್ದರೆ ನೀವು ಮಗನಿಗೆ ಏನೆಂದು ಉತ್ತರಿಸುವಿರಿ?

1991ರ ನವೆಂಬರಿನಲ್ಲಿ ಅಮೆರಿಕದ ಸಿಬಿಎಸ್ ವಾಹಿನಿಯ ‘60 ಮಿನಿಟ್ಸ್’ ಕಾರ್ಯಕ್ರಮದಲ್ಲಿ ಒಂದು ಪ್ರಶ್ನೆ ಕೇಳಲಾಯಿತು. ಫ್ರಾನ್ಸಿನ ಜನ ಬೆಣ್ಣೆ, ಗಿಣ್ಣು, ಮಾಂಸದ ಕೊಬ್ಬನ್ನು ಯಥೇಚ್ಛವಾಗಿ ತಿಂದರೂ ಅವರಲ್ಲಿ ಹೃದಯಾಘಾತದ ಸಾವುಗಳು ಅಮೆರಿಕದವರಿಗಿಂತ ಬಹಳ ಕಡಿಮೆ ಇರುವುದೇಕೆ? ಅದಕ್ಕೆ ಉತ್ತರವಾಗಿ ನಿರೂಪಕ ಮಾರ್ಲಿ ಸೇಫರ್ ಕೆಂಪು ವೈನಿನ ಲೋಟವನ್ನೇ ಎತ್ತಿ ಹಿಡಿದರು. ಆ ದೇಶದಲ್ಲಿ ಕೆಂಪು ವೈನಿನ ಮಾರಾಟ ಏರಲು ಅಷ್ಟು ಸಾಕಾಯಿತು. ಮರುವರ್ಷ ಫ್ರೆಂಚ್ ವಿಜ್ಞಾನಿ ಸೆರ್ಜ್ ರೆನೋ ಮತ್ತು ಅವರ ಸಹೋದ್ಯೋಗಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದೇ ವಾದವನ್ನು ಮಂಡಿಸಿದರು; ಮದ್ಯಸಾರವು ರಕ್ತದ ಕಿರುತಟ್ಟೆಗಳು (ಪ್ಲೇಟ್‌ಲೆಟ್) ಒಂದಕ್ಕೊಂದು ಅಂಟಿ ಹೆಪ್ಪುಗಟ್ಟುವುದನ್ನು ತಗ್ಗಿಸುತ್ತದೆ ಎಂಬುದು ಅವರ ವಿವರಣೆಯಾಗಿತ್ತು. ‘ಫ್ರೆಂಚ್ ವಿರೋಧಾಭಾಸ’ ಎಂಬ ಹೆಸರು ಮನೆಮಾತಾಯಿತು. ಅದೇ ಫ್ರಾನ್ಸಿನಲ್ಲಿ ಮದ್ಯದಿಂದ ಯಕೃತ್ತು ಕೆಟ್ಟು, ಗಂಟಲು ಮತ್ತು ಅನ್ನನಾಳದ ಕ್ಯಾನ್ಸರ್ ಬಂದು ಸಾಯುತ್ತಿದ್ದವರ ಲೆಕ್ಕವನ್ನು ಕಾರ್ಯಕ್ರಮ ನೋಡಿದವರು ಕೇಳಿದಂತಿಲ್ಲ.

ಈ ನಂಬಿಕೆಗೆ ಇನ್ನೂ ಹಳೆಯ ಬೇರುಗಳಿದ್ದವು. ಅಮೆರಿಕದ ಜೀವವಿಜ್ಞಾನಿ ರೇಮಂಡ್ ಪರ್ಲ್ 1926ರಲ್ಲೇ, ಮಿತವಾಗಿ ಕುಡಿಯುವವರು ಕುಡಿಯದವರಿಗಿಂತ ತುಸು ಹೆಚ್ಚು ಕಾಲ ಬದುಕುತ್ತಾರೆಂದು ಅಂಕಿಅಂಶಗಳೊಂದಿಗೆ ಬರೆದಿದ್ದರು. ಆನಂತರ ನಡೆದ ಹತ್ತಾರು ಸಮೀಕ್ಷೆಗಳೂ ಇದನ್ನೇ ತೋರಿಸಿದವು: ಏನೂ ಕುಡಿಯದವರಲ್ಲಿ ಸಾವಿನ ಪ್ರಮಾಣ ಸ್ವಲ್ಪ ಹೆಚ್ಚು, ದಿನಕ್ಕೆ ಒಂದು ಲೋಟದವರಲ್ಲಿ ಎಲ್ಲರಿಗಿಂತ ಕಡಿಮೆ, ಅಲ್ಲಿಂದ ಮುಂದೆ ಏರುತ್ತಲೇ ಹೋಗುವುದು. ನಕ್ಷೆಯಲ್ಲಿ ಇಳಿದು ಮತ್ತೆ ಏರುವ ಈ ಗೆರೆಯನ್ನು ಯಾರೂ ಸುಳ್ಳು ಸೃಷ್ಟಿಸಿರಲಿಲ್ಲ. ಪ್ರಶ್ನೆಯಿದ್ದದ್ದು ಅದು ಹಾಗೆ ಬಾಗಲು ಕಾರಣವೇನು ಎಂಬುದರಲ್ಲಿ.

1988ರಲ್ಲಿ ಬ್ರಿಟನ್ನಿನ ಜೆರಾಲ್ಡ್ ಶೇಪರ್ ಮತ್ತು ಅವರ ತಂಡ ಒಂದು ಸರಳ ಸಂಗತಿಯತ್ತ ಬೆರಳು ಮಾಡಿತು. ‘ಕುಡಿಯದವರು’ ಎಂಬ ಗುಂಪಿನಲ್ಲಿ ಯಾರಿದ್ದಾರೆ? ನಿಮ್ಮಂತೆ ಎಂದೂ ಮುಟ್ಟದವರು ಅಲ್ಲಿ ಸ್ವಲ್ಪ ಜನ ಮಾತ್ರ. ಉಳಿದವರಲ್ಲಿ ಅನೇಕರು ಮೊದಲು ಕುಡಿಯುತ್ತಿದ್ದು, ಕಾಯಿಲೆ ಬಂದ ಮೇಲೆ ಅಥವಾ ವೈದ್ಯರು ಗದರಿಸಿದ ಮೇಲೆ ಬಿಟ್ಟವರು. ಅವರ ಆರೋಗ್ಯ ಆಗಲೇ ಹದಗೆಟ್ಟಿರುತ್ತದೆ. ಅಂಥವರ ಪಕ್ಕದಲ್ಲಿ ನಿಲ್ಲಿಸಿದಾಗ, ಸಂಜೆ ಒಂದು ಲೋಟ ಕುಡಿದು ಲವಲವಿಕೆಯಿಂದ ಓಡಾಡುವ ಮನುಷ್ಯ ಗಟ್ಟಿಮುಟ್ಟಾಗಿ ಕಾಣುವುದು ಸಹಜವೇ. ಕಾಯಿಲೆಯವನಾದ್ದರಿಂದ ಕುಡಿಯುವುದನ್ನು ಬಿಟ್ಟವನನ್ನು, ಕುಡಿಯದ್ದರಿಂದಲೇ ಕಾಯಿಲೆ ಬಿದ್ದನೆಂದು ಓದಿದ ಹಾಗಾಯಿತು.

ಇದರ ಜೊತೆಗೆ ವೈನ್ ಕುಡಿಯುವವರು ಸಾಮಾನ್ಯವಾಗಿ ಹೆಚ್ಚು ಓದಿದವರು, ಹೆಚ್ಚು ಆದಾಯದವರು, ಕಡಿಮೆ ಧೂಮಪಾನ ಮಾಡುವವರು ಎಂಬ ಅಂಶವೂ ಸೇರಿಕೊಳ್ಳುತ್ತದೆ. ಡೆನ್ಮಾರ್ಕಿನ ಸಂಶೋಧಕರು ಸೂಪರ್ ಮಾರ್ಕೆಟ್ಟಿನ ಬಿಲ್ಲುಗಳನ್ನೇ ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಬಹಳ ಇಷ್ಟವಾದದ್ದು, ಏಕೆಂದರೆ ಅದರಲ್ಲಿ ಯಾರ ನೆನಪನ್ನೂ ಯಾರ ಮಾತನ್ನೂ ನಂಬಬೇಕಾದ ಅಗತ್ಯವಿರಲಿಲ್ಲ. ವೈನ್ ಕೊಂಡವರ ಬುಟ್ಟಿಯಲ್ಲಿ ಹಣ್ಣು, ತರಕಾರಿ, ಆಲಿವ್, ಕೋಳಿ ಮಾಂಸ ಹೆಚ್ಚಿದ್ದವು. ಬಿಯರ್ ಕೊಂಡವರ ಬುಟ್ಟಿಯಲ್ಲಿ ಸಿದ್ಧ ತಿನಿಸು, ಚಿಪ್ಸ್, ಸಾಸೇಜ್, ತಂಪು ಪಾನೀಯಗಳು. ಹೀಗಿರುವಾಗ ಹೃದಯವನ್ನು ಕಾಪಾಡಿದ್ದು ಬಾಟಲಿಯೋ ಅದರ ಪಕ್ಕದಲ್ಲಿದ್ದ ತರಕಾರಿಯೋ ಎಂದು ಬೇರ್ಪಡಿಸುವುದು ಕಷ್ಟ.

ಇಂಥ ದೋಷಗಳನ್ನು ತೆಗೆದುಹಾಕಲು ಯತ್ನಿಸಿ, 107 ಅಧ್ಯಯನಗಳ ಸುಮಾರು 48 ಲಕ್ಷ ಜನರ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2023ರಲ್ಲಿ ಪ್ರಕಟವಾಯಿತು. ದಿನಕ್ಕೆ ಒಂದೆರಡು ಲೋಟದವರ ಆಯಸ್ಸು ಎಂದೂ ಕುಡಿಯದವರಿಗಿಂತ ಹೆಚ್ಚೆಂದು ಹೇಳಲು ಅದರಲ್ಲಿ ಆಧಾರ ಸಿಗಲಿಲ್ಲ. ಚೀನಾದಲ್ಲಿ ಐದು ಲಕ್ಷ ಜನರನ್ನು ಸುಮಾರು ಹತ್ತು ವರ್ಷ ಗಮನಿಸಿ 2019ರಲ್ಲಿ ವರದಿಯಾದ ಅಧ್ಯಯನದ ದಾರಿ ಇನ್ನೂ ಜಾಣತನದ್ದು. ಪೂರ್ವ ಏಷ್ಯಾದ ಅನೇಕರಿಗೆ ಹುಟ್ಟಿನಿಂದಲೇ ಬಂದ ಎರಡು ವಂಶವಾಹಿಗಳ ಕಾರಣದಿಂದ ಮದ್ಯ ಸರಿಬೀಳುವುದಿಲ್ಲ. ಕುಡಿದರೆ ಮುಖ ಕೆಂಪೇರಿ ಸಂಕಟವಾಗುವುದರಿಂದ ಅವರು ಕಡಿಮೆ ಕುಡಿಯುತ್ತಾರೆ. ಈ ವಂಶವಾಹಿ ಯಾರಿಗೆ ಬರುತ್ತದೆಂಬುದು ಸಂಬಳವನ್ನೋ ಓದನ್ನೋ ನೋಡಿ ತೀರ್ಮಾನವಾಗುವುದಿಲ್ಲವಾದ್ದರಿಂದ, ಅದನ್ನೇ ಅಳತೆಗೋಲಾಗಿಟ್ಟು ಜನರನ್ನು ಹೋಲಿಸಿದರೆ ಮದ್ಯದ ಪರಿಣಾಮ ಮಾತ್ರ ಬೇರೆಯಾಗಿ ಕಾಣುತ್ತದೆ. ಹಾಗೆ ಹೋಲಿಸಿದಾಗ ಪಾರ್ಶ್ವವಾಯುವಿನಿಂದ ರಕ್ಷಣೆ ಎಂಬುದು ಮಾಯವಾಯಿತು: ಕುಡಿತ ಹೆಚ್ಚಿದಷ್ಟೂ ರಕ್ತದೊತ್ತಡ ಹೆಚ್ಚು, ಪಾರ್ಶ್ವವಾಯುವೂ ಹೆಚ್ಚು. ಹೃದಯಾಘಾತದ ವಿಷಯದಲ್ಲಿ ಸ್ಪಷ್ಟವಾದ ಲಾಭವೂ ಕಾಣಲಿಲ್ಲ, ಹಾನಿಯೂ ಕಾಣಲಿಲ್ಲ. ಆಗಲೇ ರಕ್ತದೊತ್ತಡಕ್ಕೆ ಮಾತ್ರೆ ನುಂಗುತ್ತಿರುವ ನೀವು ಗಮನಿಸಬೇಕಾದದ್ದು ಇದನ್ನೇ.

ವೈನ್ ಕುಡಿದರೆ ‘ಒಳ್ಳೆಯ ಕೊಲೆಸ್ಟರಾಲ್’ ಎನ್ನುವ ಎಚ್‌ಡಿಎಲ್ ಏರುತ್ತದೆಯಲ್ಲ ಎಂದು ಮಗ ಕೇಳಬಹುದು. ಏರುವುದು ನಿಜ. ಆದರೆ ಎಚ್‌ಡಿಎಲ್ ಏರಿಸಿದ ಮಾತ್ರಕ್ಕೆ ಹೃದಯ ಉಳಿಯುವುದಿಲ್ಲವೆಂದು ಈಗ ಗೊತ್ತಾಗಿದೆ. ಅದನ್ನು ಬಹಳವಾಗಿ ಏರಿಸುತ್ತಿದ್ದ ಟಾರ್ಸೆಟ್ರಾಪಿಬ್ ಎಂಬ ಔಷಧದ ಪ್ರಯೋಗವನ್ನು, ಅದನ್ನು ಪಡೆದವರಲ್ಲೇ ಸಾವು ಹೆಚ್ಚಾದುದರಿಂದ 2006ರಲ್ಲಿ ನಿಲ್ಲಿಸಬೇಕಾಯಿತು.

ಇನ್ನೊಂದು ಮಾತು ನಮ್ಮವರಿಗೇ ಸಂಬಂಧಿಸಿದ್ದು. ಐವತ್ತೆರಡು ದೇಶಗಳಲ್ಲಿ ನಡೆದ ‘ಇಂಟರ್‌ಹಾರ್ಟ್’ ಅಧ್ಯಯನದ ದಕ್ಷಿಣ ಏಷ್ಯಾ ಭಾಗ 2007ರಲ್ಲಿ ಪ್ರಕಟವಾಯಿತು. ಅದರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರೂ ಪಾಲ್ಗೊಂಡಿದ್ದರು. ನಮ್ಮ ಭಾಗದ ಜನರಿಗೆ ಮೊದಲ ಹೃದಯಾಘಾತ ಸರಾಸರಿ 53ನೆಯ ವಯಸ್ಸಿಗೆ ಬರುತ್ತಿದ್ದರೆ, ಉಳಿದ ದೇಶಗಳಲ್ಲಿ ಅದು ಸುಮಾರು 59. ಬೇರೆಡೆ ಕಂಡಂತಿದ್ದ ಮದ್ಯದ ರಕ್ಷಣೆ ದಕ್ಷಿಣ ಏಷ್ಯಾದವರಲ್ಲಿ ಕಾಣಲೇ ಇಲ್ಲ. ಫ್ರಾನ್ಸಿನ ಊಟದ ಮೇಜಿನ ಲೆಕ್ಕವನ್ನು ಧಾರವಾಡಕ್ಕೆ ತರುವ ಮೊದಲು ಇದನ್ನು ಯೋಚಿಸಬೇಕು.

ವಿಜ್ಞಾನಿಗಳೆಲ್ಲ ಒಮ್ಮತಕ್ಕೆ ಬಂದಿದ್ದಾರೆಂದು ಮಾತ್ರ ನಾನು ಹೇಳಲಾರೆ. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು 2024ರ ಡಿಸೆಂಬರಿನಲ್ಲಿ ಕೊಟ್ಟ ವರದಿ, ಮಿತವಾಗಿ ಕುಡಿಯುವವರಲ್ಲಿ ಒಟ್ಟು ಸಾವಿನ ಪ್ರಮಾಣ ಎಂದೂ ಕುಡಿಯದವರಿಗಿಂತ ಕಡಿಮೆ ಎಂದೇ ಹೇಳಿತು. ಸ್ತನ ಕ್ಯಾನ್ಸರ್ ಹೆಚ್ಚೆಂದೂ ಅದೇ ವರದಿ ಹೇಳಿತು. ವಾದ ಮುಂದುವರಿಯಲಿ. ಆದರೆ ಆ ವಾದದಲ್ಲಿ ಎರಡೂ ಪಕ್ಷದವರು ಒಪ್ಪುವ ಒಂದು ಮಾತಿದೆ: ಕುಡಿಯದವರು ಆರೋಗ್ಯಕ್ಕಾಗಿ ಕುಡಿಯಲು ತೊಡಗಬಾರದು. ನಿಮ್ಮ ಮಾತ್ರೆಗಳು, ಉಪ್ಪಿನ ಮಿತಿ, ಬೆಳಗಿನ ನಡಿಗೆ ಇವೆಲ್ಲ ಪ್ರಯೋಗಗಳಲ್ಲಿ ಗೆದ್ದು ಬಂದಿರುವ ಉಪಾಯಗಳು. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬೇಕೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಬಾಟಲಿಯನ್ನು ಮಗನ ಮುಂದಿನ ಭೇಟಿಗೆ ಎತ್ತಿಡಿ.

ಪ್ರಶ್ನೆ: ನನಗೆ ನಲವತ್ತೊಂದು ವರ್ಷ, ಸಾಫ್ಟ್‌ವೇರ್ ಉದ್ಯೋಗಿ. ವಾರದಲ್ಲಿ ಎರಡು ಮೂರು ದಿನ ಗೆಳತಿಯರ ಜೊತೆ ವೈನ್ ಕುಡಿಯುತ್ತೇನೆ. ವಿಸ್ಕಿ, ಬಿಯರ್ ಮುಟ್ಟುವುದಿಲ್ಲ. ಅಮ್ಮನಿಗೆ ಸ್ತನ ಕ್ಯಾನ್ಸರ್ ಆಗಿತ್ತು. ವೈನ್ ಮೃದುವಾದದ್ದು, ತೊಂದರೆಯಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನಿಜವೆ? (ಬೆಂಗಳೂರು)

ಉತ್ತರ: ಮೊದಲು ಲೆಕ್ಕ ಮಾಡೋಣ. ಶೇ. 13 ಮದ್ಯಸಾರವಿರುವ ವೈನಿನ 150 ಮಿಲಿಲೀಟರಿನ ಒಂದು ಲೋಟದಲ್ಲಿ ಸುಮಾರು 15 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. ನಮ್ಮಲ್ಲಿ ಸಿಗುವ ಶೇ. 42.8ರ ವಿಸ್ಕಿಯ 30 ಮಿಲಿಲೀಟರಿನ ಸಣ್ಣ ಪೆಗ್ಗಿನಲ್ಲಿ ಇರುವುದು ಸುಮಾರು 10 ಗ್ರಾಂ. ಅಂದರೆ ‘ಒಂದೇ ಲೋಟ ವೈನ್’ ಎಂದರೆ ಒಂದೂವರೆ ಪೆಗ್. ರೆಸ್ಟೋರೆಂಟುಗಳಲ್ಲಿ ಹೊಟ್ಟೆ ದೊಡ್ಡದಾದ ಲೋಟದಲ್ಲಿ ಅರ್ಧಕ್ಕೆ ಸುರಿದರೂ ಅದು 200 ಮಿಲಿಲೀಟರ್ ದಾಟಿಬಿಡುತ್ತದೆ. ವೈನಿನ ಮೃದುತ್ವ ನಾಲಿಗೆಗೆ ಮಾತ್ರ. ಯಕೃತ್ತಿಗೆ ಅದು ವಿಸ್ಕಿಯಿಂದ ಬಂದ ಮದ್ಯಸಾರವೋ ದ್ರಾಕ್ಷಿಯಿಂದ ಬಂದದ್ದೋ ಎಂಬ ಭೇದ ತಿಳಿಯುವುದಿಲ್ಲ.

ಕ್ಯಾನ್ಸರಿನ ವಿಷಯದಲ್ಲೂ ಹಾಗೆಯೇ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1988ರಲ್ಲೇ ಮದ್ಯಪಾನೀಯಗಳನ್ನು ಕ್ಯಾನ್ಸರಕಾರಕಗಳ ಮೊದಲನೆಯ ಗುಂಪಿನಲ್ಲಿ ಸೇರಿಸಿತು. ತಂಬಾಕು, ಕಲ್ನಾರುಗಳು ಇರುವುದೂ ಅದೇ ಗುಂಪಿನಲ್ಲಿ. ಗುಂಪು ಒಂದೇ ಎಂದ ಮಾತ್ರಕ್ಕೆ ಅಪಾಯದ ಪ್ರಮಾಣ ಒಂದೇ ಅಲ್ಲ, ಪುರಾವೆ ಅಷ್ಟೇ ಗಟ್ಟಿಯಾಗಿದೆ ಎಂದರ್ಥ. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ, ಯಕೃತ್ತು, ದೊಡ್ಡಕರುಳು ಮತ್ತು ಸ್ತನದ ಕ್ಯಾನ್ಸರುಗಳಿಗೆ ಮದ್ಯದ ನಂಟಿದೆ. ಮದ್ಯಸಾರ ದೇಹದಲ್ಲಿ ಒಡೆದಾಗ ಹುಟ್ಟುವ ಅಸಿಟಾಲ್ಡಿಹೈಡ್ ಜೀವಕೋಶಗಳ ಡಿಎನ್‌ಎಗೆ ಹಾನಿ ಮಾಡುತ್ತದೆ; ಮಹಿಳೆಯರಲ್ಲಿ ಈಸ್ಟ್ರೋಜೆನ್ ಮಟ್ಟವೂ ಏರುವುದರಿಂದ ಸ್ತನದ ಮೇಲೆ ಪರಿಣಾಮ ಸ್ವಲ್ಪ ಪ್ರಮಾಣದಲ್ಲೇ ತೋರುತ್ತದೆ.

ಎಷ್ಟು ಹೆಚ್ಚುತ್ತದೆ ಎಂಬುದನ್ನು ಹೆದರಿಸದೆ ಹೇಳುವುದು ಮುಖ್ಯ. ಅಮೆರಿಕ ಸರ್ಕಾರದ ಮುಖ್ಯ ಆರೋಗ್ಯ ವಕ್ತಾರ, ಅಂದರೆ ಸರ್ಜನ್ ಜನರಲ್ ಆಗಿದ್ದ ವಿವೇಕ್ ಮೂರ್ತಿ 2025ರ ಜನವರಿಯಲ್ಲಿ ಮದ್ಯ ಮತ್ತು ಕ್ಯಾನ್ಸರ್ ಕುರಿತು ಎಚ್ಚರಿಕೆಯ ಪ್ರಕಟಣೆ ಹೊರಡಿಸಿದರು. (ಅವರ ಕುಟುಂಬದ ಮೂಲ ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಎಂಬುದು ನಮ್ಮ ಓದುಗರಿಗೆ ತಿಳಿದೇ ಇರುತ್ತದೆ.) ವಾರಕ್ಕೆ ಒಂದು ಲೋಟಕ್ಕಿಂತ ಕಡಿಮೆ ಕುಡಿಯುವ ನೂರು ಮಹಿಳೆಯರಲ್ಲಿ ಮದ್ಯಕ್ಕೆ ನಂಟಿರುವ ಯಾವುದಾದರೊಂದು ಕ್ಯಾನ್ಸರ್ ಜೀವಮಾನದಲ್ಲಿ ಬರುವುದು ಸುಮಾರು 17 ಮಂದಿಗೆ, ದಿನಕ್ಕೊಂದು ಕುಡಿದರೆ 19, ದಿನಕ್ಕೆರಡಾದರೆ 22 ಎಂದು ಆ ಪ್ರಕಟಣೆ ವಿವರಿಸಿತು. ಇದು ಪಾಶ್ಚಾತ್ಯ ದೇಶದ ಲೆಕ್ಕ, ಒಬ್ಬೊಬ್ಬರ ಭವಿಷ್ಯವಲ್ಲ. ನಿಮ್ಮ ತಾಯಿಗೆ ಕಾಯಿಲೆ ಬಂದಿದ್ದುದರಿಂದ ನಿಮ್ಮ ಮೂಲ ಅಪಾಯವೇ ಸ್ವಲ್ಪ ಮೇಲಿರುತ್ತದೆ. ಅದನ್ನು ಬದಲಿಸಲಾಗದು, ಲೋಟದ ಸಂಖ್ಯೆಯನ್ನು ಬದಲಿಸಬಹುದು. ತಾಯಿಗೆ ಯಾವ ವಯಸ್ಸಿನಲ್ಲಿ ಕಾಯಿಲೆ ಬಂತು, ಅಜ್ಜಿ ಚಿಕ್ಕಮ್ಮಂದಿರಲ್ಲಿ ಯಾರಿಗಾದರೂ ಇತ್ತೇ ಎಂಬ ವಿವರಗಳೊಂದಿಗೆ ವೈದ್ಯರನ್ನು ಕಂಡು, ಮ್ಯಾಮೊಗ್ರಾಂ (ಸ್ತನದ ಎಕ್ಸ್-ರೇ ತಪಾಸಣೆ) ಯಾವಾಗಿನಿಂದ ಬೇಕೆಂದು ಕೇಳುವುದು ವೈನಿನ ಚರ್ಚೆಗಿಂತ ತುರ್ತಿನ ಕೆಲಸ. ಕುಡಿಯುವ ದಿನಗಳನ್ನು ಕಡಿಮೆ ಮಾಡಿದಷ್ಟೂ ಒಳ್ಳೆಯದು, ಪೂರ್ತಿ ಬಿಟ್ಟರೆ ಇನ್ನೂ ಒಳ್ಳೆಯದು. ಸ್ನೇಹಕ್ಕಾಗಿ, ರುಚಿಗಾಗಿ ತಿಂಗಳಿಗೊಮ್ಮೆ ಕುಡಿಯುತ್ತೇನೆ ಎನ್ನುವುದು ಪ್ರಾಮಾಣಿಕವಾದ ಮಾತು, ಅದಕ್ಕೆ ನನ್ನ ಆಕ್ಷೇಪವಿಲ್ಲ. ಆರೋಗ್ಯದ ನೆಪ ಬೇಡ ಅಷ್ಟೆ.

ಪ್ರಶ್ನೆ: ‘ಮಿತ’ ಎಂದರೆ ಎಷ್ಟು? ಇಲ್ಲಿ ವಾರಕ್ಕೆ 14 ಯೂನಿಟ್ ಎನ್ನುತ್ತಾರೆ, ಬೇರೆ ದೇಶಗಳಲ್ಲಿ ಬೇರೆ ಲೆಕ್ಕ. (ಲಂಡನ್ನಿನಲ್ಲಿರುವ ಕನ್ನಡಿಗರು)

ಉತ್ತರ: ಬ್ರಿಟನ್ನಿನ ಒಂದು ಯೂನಿಟ್ ಎಂದರೆ 8 ಗ್ರಾಂ ಮದ್ಯಸಾರ. ಶೇ. 13ರ ವೈನಿನ 750 ಮಿಲಿಲೀಟರ್ ಬಾಟಲಿಯೊಂದರಲ್ಲಿ ಹತ್ತಿರ ಹತ್ತಿರ 10 ಯೂನಿಟ್ ಇರುವುದರಿಂದ, ನಿಮ್ಮ 14 ಯೂನಿಟ್ ಎಂದರೆ ವಾರಕ್ಕೆ ಒಂದೂವರೆ ಬಾಟಲಿಯೂ ಆಗುವುದಿಲ್ಲ. 2016ರವರೆಗೆ ಗಂಡಸರಿಗೆ ಅದಕ್ಕಿಂತ ಹೆಚ್ಚಿನ ಮಿತಿಯಿತ್ತು. ಆಗ ಅದನ್ನು ಹೆಂಗಸರ ಮಿತಿಗೇ ಇಳಿಸಲಾಯಿತು. ವೈನಿನ ತವರೆನಿಸಿದ ಫ್ರಾನ್ಸಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯೇ 2017ರಲ್ಲಿ, ದಿನಕ್ಕೆ ಎರಡು ಲೋಟ ಮೀರಬೇಡಿ, ವಾರಕ್ಕೆ ಹತ್ತು ಮೀರಬೇಡಿ, ಕೆಲವು ದಿನ ಮುಟ್ಟಲೇಬೇಡಿ ಎಂದಿತು. ಅಲ್ಲಿಯ ಲೋಟ 10 ಗ್ರಾಂ ಮದ್ಯಸಾರದ ಚಿಕ್ಕ ಲೋಟ. ಕೆನಡಾದ ತಜ್ಞರು 2023ರಲ್ಲಿ, ವಾರಕ್ಕೆ ಎರಡು ಲೋಟದವರೆಗೆ ಮಾತ್ರ ಅಪಾಯ ಕಡಿಮೆ ಎಂದರು. ಅದೇ ವರ್ಷದ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಯಾವ ಪ್ರಮಾಣವೂ ಇಲ್ಲ ಎಂದಿತು. ಈ ಮಿತಿಗಳು ಇಷ್ಟರವರೆಗೆ ಕುಡಿಯಿರಿ ಎಂಬ ಸಲಹೆಗಳಲ್ಲ, ಇದಕ್ಕಿಂತ ಮೇಲೆ ಅಪಾಯ ಕಣ್ಣಿಗೆ ಕಾಣುವಷ್ಟಾಗುತ್ತದೆ ಎಂಬ ಗುರುತುಗಳು. ವಾರದ ಪಾಲನ್ನೆಲ್ಲ ಶನಿವಾರ ರಾತ್ರಿಗೆ ಉಳಿಸಿಕೊಳ್ಳುವವರಿಗಂತೂ ಇವು ಅನ್ವಯಿಸುವುದೇ ಇಲ್ಲ.

ಗರ್ಭಿಣಿಯರಿಗೆ, ಗರ್ಭಧಾರಣೆಗೆ ಪ್ರಯತ್ನಿಸುತ್ತಿರುವವರಿಗೆ, ಯಕೃತ್ತಿನ ಕಾಯಿಲೆ ಇರುವವರಿಗೆ, ಹಿಂದೆ ಕುಡಿತದ ಚಟಕ್ಕೆ ಬಿದ್ದು ಹೊರಬಂದವರಿಗೆ ಮಿತ ಎಂಬ ಪ್ರಶ್ನೆಯೇ ಇಲ್ಲ. ಅವರಿಗೆ ಸೊನ್ನೆಯೇ ಸರಿ. ಎದೆಬಡಿತದ ಲಯ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್ ಇರುವವರನ್ನೂ ನಾನು ಇದೇ ಸಾಲಿಗೆ ಸೇರಿಸುತ್ತೇನೆ.

ಪ್ರಶ್ನೆ: ನಾವು ದ್ರಾಕ್ಷಿ ಬೆಳೆಗಾರರು. ವೈನಿನಲ್ಲಿರುವ ರೆಸ್ವೆರಟ್ರಾಲ್ ಎಂಬ ಅಂಶದಿಂದ ಆಯಸ್ಸು ಹೆಚ್ಚುತ್ತದೆ ಎನ್ನುತ್ತಾರೆ. ಹಾಗಿದ್ದರೆ ದ್ರಾಕ್ಷಿಯನ್ನೋ ಒಣದ್ರಾಕ್ಷಿಯನ್ನೋ ತಿಂದರೆ ಅದು ಸಿಗುವುದಿಲ್ಲವೆ? (ವಿಜಯಪುರ)

ಉತ್ತರ: ರೆಸ್ವೆರಟ್ರಾಲ್ ಇರುವುದು ದ್ರಾಕ್ಷಿಯ ಸಿಪ್ಪೆಯಲ್ಲಿ. ಕೆಂಪು ವೈನನ್ನು ಸಿಪ್ಪೆಯ ಸಮೇತ ಹುದುಗು ಬರಿಸುವುದರಿಂದ ಅದರಲ್ಲಿ ಬಿಳಿ ವೈನಿಗಿಂತ ಹೆಚ್ಚಿರುತ್ತದೆ. ಆದರೆ ಹೆಚ್ಚೆಂದರೆ ಎಷ್ಟು? ಒಂದು ಲೀಟರಿನಲ್ಲಿ ಕೆಲವೇ ಮಿಲಿಗ್ರಾಂ. ಪ್ರಯೋಗಾಲಯಗಳಲ್ಲಿ ಮತ್ತು ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ ಬಳಸಿದ್ದು ನೂರಾರು ಮಿಲಿಗ್ರಾಂ, ಕೆಲವೊಮ್ಮೆ ಗ್ರಾಂಗಟ್ಟಲೆ. ಅಷ್ಟನ್ನು ವೈನಿನಿಂದಲೇ ಪಡೆಯಹೊರಟರೆ ದಿನಕ್ಕೆ ಪೀಪಾಯಿಯೇ ಬೇಕಾದೀತು.

ಈ ಅಂಶದ ಕಥೆ ವಿಜ್ಞಾನಕ್ಕಿಂತ ಹೆಚ್ಚಾಗಿ ಮಾರುಕಟ್ಟೆಯ ಕಥೆಯಾಯಿತು. 2003ರಲ್ಲಿ ಹಾರ್ವರ್ಡಿನ ಡೇವಿಡ್ ಸಿಂಕ್ಲೇರ್ ಅವರ ತಂಡ ರೆಸ್ವೆರಟ್ರಾಲ್ ಯೀಸ್ಟಿನ ಆಯುಷ್ಯವನ್ನು ಹೆಚ್ಚಿಸುತ್ತದೆಂದು ವರದಿ ಮಾಡಿತು. ಅದರ ಮೇಲೆ ಹುಟ್ಟಿದ ಸರ್ಟ್ರಿಸ್ ಎಂಬ ಕಂಪನಿಯನ್ನು 2008ರಲ್ಲಿ ಗ್ಲ್ಯಾಕ್ಸೋಸ್ಮಿತ್‌ಕ್ಲೈನ್ 72 ಕೋಟಿ ಡಾಲರ್ ಕೊಟ್ಟು ಕೊಂಡಿತು. ಎರಡು ವರ್ಷದೊಳಗೆ ರೆಸ್ವೆರಟ್ರಾಲ್ ಔಷಧದ ಪ್ರಯೋಗವನ್ನು ಕೈಬಿಟ್ಟಿತು. ಕೆಂಪು ವೈನ್ ಮತ್ತು ಹೃದಯದ ಮೇಲೆ ಹಲವಾರು ಲೇಖನ ಬರೆದಿದ್ದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ದೀಪಕ್ ದಾಸ್ ಅವರು ಮಾಹಿತಿಯನ್ನು ತಿದ್ದಿದ್ದರೆಂದು ಆ ವಿಶ್ವವಿದ್ಯಾಲಯವೇ ತನಿಖೆ ನಡೆಸಿ 2012ರಲ್ಲಿ ಹೇಳಿತು. ಇಟಲಿಯ ಕಿಯಾಂಟಿ ಪ್ರದೇಶ ವೈನಿಗೇ ಪ್ರಸಿದ್ಧ. ಅಲ್ಲಿಯ 783 ವೃದ್ಧರ ಮೂತ್ರದಲ್ಲಿ ರೆಸ್ವೆರಟ್ರಾಲಿನ ಅಂಶಗಳನ್ನು ಅಳೆದು ವರ್ಷಗಟ್ಟಲೆ ಗಮನಿಸಿದವರು 2014ರಲ್ಲಿ, ಅದು ಹೆಚ್ಚಿದ್ದವರು ಹೆಚ್ಚು ಕಾಲ ಬದುಕಲಿಲ್ಲ, ಅವರಿಗೆ ಹೃದ್ರೋಗವಾಗಲಿ ಕ್ಯಾನ್ಸರಾಗಲಿ ಕಡಿಮೆಯಾಗಲೂ ಇಲ್ಲ ಎಂದು ಬರೆದರು.

ದ್ರಾಕ್ಷಿ ಒಳ್ಳೆಯ ಹಣ್ಣು, ಧಾರಾಳವಾಗಿ ಬೆಳೆಯಿರಿ, ತಿನ್ನಿರಿ. ಸಿಪ್ಪೆಯಲ್ಲಿರುವ ಬಣ್ಣದ ಅಂಶಗಳ ದೃಷ್ಟಿಯಿಂದ ನಿಮ್ಮ ಕಡೆಯ ಹಸಿರು ದ್ರಾಕ್ಷಿಗಿಂತ ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆಯ ಬೆಂಗಳೂರು ನೀಲಿ ಒಂದು ಕೈ ಮೇಲು ಎಂದರೆ ವಿಜಯಪುರದವರು ಬೇಸರಿಸಬಾರದು. ಒಣದ್ರಾಕ್ಷಿಯಲ್ಲಿ ಸಕ್ಕರೆ ಸಾಂದ್ರವಾಗಿರುತ್ತದೆ, 100 ಗ್ರಾಂನಲ್ಲಿ ಸುಮಾರು 300 ಕ್ಯಾಲೊರಿ. ಆದ್ದರಿಂದ ಮುಷ್ಟಿ ಚಿಕ್ಕದಿರಲಿ.

ಪ್ರಶ್ನೆ: ನಮ್ಮಲ್ಲಿ ಮನೆಯಲ್ಲೇ ದ್ರಾಕ್ಷಿ, ಶುಂಠಿ, ಹಣ್ಣುಗಳಿಂದ ವೈನ್ ಮಾಡುತ್ತೇವೆ, ರಾಸಾಯನಿಕವಿಲ್ಲದ್ದರಿಂದ ಅಂಗಡಿಯದಕ್ಕಿಂತ ಒಳ್ಳೆಯದಲ್ಲವೆ? ದ್ರಾಕ್ಷಾಸವವೂ ಒಂದು ಬಗೆಯ ವೈನ್ ತಾನೆ? (ಮಡಿಕೇರಿ ಮತ್ತು ಮಂಗಳೂರಿನಿಂದ ಇಬ್ಬರು)

ಉತ್ತರ: ಮನೆಯ ವೈನಿನಲ್ಲಿ ಮದ್ಯಸಾರ ಎಷ್ಟಿದೆ ಎಂಬುದು ಮಾಡಿದವರಿಗೂ ಗೊತ್ತಿರುವುದಿಲ್ಲ, ಅದೇ ಅದರ ತೊಡಕು. ಸಕ್ಕರೆ, ಯೀಸ್ಟ್, ಸೆಖೆ, ಇಟ್ಟ ದಿನಗಳನ್ನು ಅವಲಂಬಿಸಿ ಅದು ಬಿಯರಿನಷ್ಟು ಹಗುರವಿರಬಹುದು, ಅಂಗಡಿಯ ವೈನಿಗಿಂತ ಗಡುಸೂ ಆಗಿರಬಹುದು. ಸಿಹಿ ಮುಂದಿರುವುದರಿಂದ ಖಾರ ತಿಳಿಯುವುದಿಲ್ಲ. ಕ್ರಿಸ್‌ಮಸ್ ಸಂಜೆ ಮಕ್ಕಳಿಗೂ ‘ಸ್ವಲ್ಪ’ ಎಂದು ಕೊಡುವ ರೂಢಿ ಕೆಲವು ಮನೆಗಳಲ್ಲಿದೆ, ಅದನ್ನು ದಯವಿಟ್ಟು ನಿಲ್ಲಿಸಿ. ಕಳ್ಳಭಟ್ಟಿಯಲ್ಲಿ ಕಣ್ಣು ಕಳೆಯುವ ಮೆಥನಾಲಿನ ಭಯ, ಬಟ್ಟಿ ಇಳಿಸದ ಹಣ್ಣಿನ ವೈನಿಗೆ ಅಷ್ಟಾಗಿ ಅನ್ವಯಿಸದು. ಹಣ್ಣು ಹುದುಗುವಾಗ ಅದು ಹುಟ್ಟುವುದು ಅತ್ಯಲ್ಪ. ಬೂಷ್ಟು ಬಂದದ್ದನ್ನು ಸೋಸಿ ಕುಡಿಯುವುದು, ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುದುಗು ಬರಿಸುವುದು ಬೇಡ. ರಸ್ತೆ ಬದಿಯಲ್ಲಿ ಪ್ರವಾಸಿಗರಿಗೆ ಮಾರಬೇಕೆಂದರೆ ಅಬಕಾರಿ ಪರವಾನಗಿ ಬೇಕೆಂಬುದನ್ನೂ ಮರೆಯಬಾರದು.

ದ್ರಾಕ್ಷಾಸವ ಧಾತಕಿ ಹೂವು, ಬೆಲ್ಲ ಅಥವಾ ಸಕ್ಕರೆ ಸೇರಿಸಿ ಮುಚ್ಚಿದ ಪಾತ್ರೆಯಲ್ಲಿ ಹುದುಗು ಬರಿಸಿದ ಆಯುರ್ವೇದ ಔಷಧ. ಅದರಲ್ಲಿ ತಾನಾಗಿ ಹುಟ್ಟಿದ ಮದ್ಯಸಾರ ಸಾಮಾನ್ಯವಾಗಿ ಶೇ. 5ರಿಂದ 10ರಷ್ಟಿದ್ದರೂ, ವೈದ್ಯರು ಹೇಳುವ ನಾಲ್ಕು ಚಮಚದಲ್ಲಿ ಅದು ಒಂದೂವರೆ ಗ್ರಾಂ ಮುಟ್ಟುವುದೂ ಅಪರೂಪ. ಅದನ್ನು ವೈನಿನ ಲೋಟಕ್ಕೆ ಹೋಲಿಸಲಾಗದು. ಆದರೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು: ಕುಡಿತ ಬಿಡಲೆಂದು ಡೈಸಲ್ಫಿರಾಂ ಮಾತ್ರೆ ತೆಗೆದುಕೊಳ್ಳುತ್ತಿರುವವರು ಆಸವ, ಅರಿಷ್ಟ, ಮದ್ಯಸಾರವಿರುವ ಕೆಮ್ಮಿನ ಸಿರಪ್‌ಗಳನ್ನು ಮುಟ್ಟಬಾರದು. ಅಷ್ಟೇ ಅಂಶಕ್ಕೂ ವಾಂತಿ, ಎದೆಬಡಿತ, ರಕ್ತದೊತ್ತಡ ಕುಸಿತ ಉಂಟಾಗಬಹುದು.

ಪ್ರಶ್ನೆ: ಕೆಂಪು ವೈನ್ ಅರ್ಧ ಲೋಟ ಕುಡಿದರೂ ತಲೆನೋವು ಬರುತ್ತದೆ, ಬಿಳಿ ವೈನಿಗೆ ಬರುವುದಿಲ್ಲ. ಸಲ್ಫೈಟ್ ಕಾರಣವೆ? (ಮೈಸೂರು)

ಉತ್ತರ: ಬಹುಶಃ ಅಲ್ಲ, ವೈನ್ ಕೆಡದಂತೆ ಸೇರಿಸುವ ಸಲ್ಫೈಟ್ ಸಾಮಾನ್ಯವಾಗಿ ಬಿಳಿ ವೈನಿನಲ್ಲೇ ಹೆಚ್ಚು. ಅದು ಕೆಲವು ಆಸ್ತಮಾ ರೋಗಿಗಳಿಗೆ ಉಬ್ಬಸ ತರಬಹುದು. ದ್ರಾಕ್ಷಿ ಸಿಪ್ಪೆಯ ಕ್ವೆರ್ಸೆಟಿನ್ ಎಂಬ ಅಂಶ ದೇಹದಲ್ಲಿ ಮಾರ್ಪಟ್ಟು ಅಸಿಟಾಲ್ಡಿಹೈಡ್ ಒಡೆಯುವುದನ್ನು ತಡೆಯುತ್ತದೆ, ತಲೆನೋವು ಬರುವುದು ಅದರಿಂದ ಎಂದು ಕ್ಯಾಲಿಫೋರ್ನಿಯಾದ ಸಂಶೋಧಕರು 2023ರಲ್ಲಿ ಊಹೆ ಮಂಡಿಸಿದ್ದಾರೆ. ಕಾರಣ ಏನೇ ಇರಲಿ, ನಿಮ್ಮ ತಲೆ ಬೇಡವೆನ್ನುತ್ತಿದೆ, ಬಿಟ್ಟುಬಿಡಿ.

ಪ್ರಶ್ನೆ: ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತಿದ್ದೇನೆ. ಮದುವೆ, ಪಾರ್ಟಿಗಳಲ್ಲಿ ಅಪರೂಪಕ್ಕೆ ಒಂದು ಲೋಟ ವೈನ್ ಕುಡಿಯಬಹುದೆ? ವೈನ್ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಎಲ್ಲೋ ಓದಿದ ನೆನಪು. (ಹುಬ್ಬಳ್ಳಿ)

ಉತ್ತರ: ನೀವು ಓದಿದ್ದು ಇಸ್ರೇಲಿನ ಪ್ರಯೋಗವಿರಬೇಕು. ಸಕ್ಕರೆ ಹತೋಟಿಯಲ್ಲಿದ್ದ, ಮೊದಲು ಕುಡಿಯದಿದ್ದ 224 ಮಂದಿಗೆ ಎರಡು ವರ್ಷ ರಾತ್ರಿ ಊಟದ ಜೊತೆ 150 ಮಿಲಿಲೀಟರ್ ಕೆಂಪು ವೈನ್, ಬಿಳಿ ವೈನ್ ಅಥವಾ ಖನಿಜಯುಕ್ತ ನೀರು ಕೊಟ್ಟು 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಂಪು ವೈನಿನವರಲ್ಲಿ ಎಚ್‌ಡಿಎಲ್ ತುಸು ಏರಿತು. ರಕ್ತದ ಸಕ್ಕರೆಯಲ್ಲಿ ಲಾಭ ಕಂಡದ್ದು ಮದ್ಯಸಾರವನ್ನು ನಿಧಾನವಾಗಿ ಕರಗಿಸುವ ವಂಶವಾಹಿ ಇದ್ದವರಲ್ಲಿ. ಎಲ್ಲರಿಗೂ ತರಕಾರಿ, ಆಲಿವ್ ಎಣ್ಣೆ ಹೆಚ್ಚಿರುವ ಮೆಡಿಟರೇನಿಯನ್ ಆಹಾರಕ್ರಮವನ್ನು ಕಲಿಸಲಾಗಿತ್ತು. ಹೃದಯಾಘಾತ ತಪ್ಪುತ್ತದೆಯೇ ಎಂದು ತಿಳಿಯಲು 224 ಮಂದಿಯೂ ಎರಡು ವರ್ಷವೂ ಸಾಲವು. ಅದನ್ನೇ ತಿಳಿಯಲೆಂದು ಅಮೆರಿಕದಲ್ಲಿ ಶುರುವಾದ ದೊಡ್ಡ ಪ್ರಯೋಗವನ್ನು, ಮದ್ಯ ಕಂಪನಿಗಳ ಹಣ ಅದರ ಹಿಂದಿದ್ದ ರೀತಿ ಬಯಲಾದ ಮೇಲೆ 2018ರಲ್ಲಿ ಸರ್ಕಾರವೇ ನಿಲ್ಲಿಸಿತು. ಈಗ ಸ್ಪೇನಿನಲ್ಲಿ ನವಾರಾ ವಿಶ್ವವಿದ್ಯಾಲಯದವರು ಹತ್ತು ಸಾವಿರ ಮಂದಿಯ ಗುರಿಯಿಟ್ಟುಕೊಂಡು ಇನ್ನೊಂದನ್ನು ನಡೆಸುತ್ತಿದ್ದಾರೆ. ಅದರಲ್ಲಿ ಸೇರುವವರು ಆಗಲೇ ಕುಡಿಯುತ್ತಿರುವವರು; ಅವರಿಗೆ ಪೂರ್ತಿ ಬಿಡಿ ಎನ್ನುವುದು ಒಳ್ಳೆಯದೋ ಮಿತವಾಗಿ ಕುಡಿಯಿರಿ ಎನ್ನುವುದೋ ಎಂಬುದಷ್ಟೇ ಅಲ್ಲಿಯ ಪ್ರಶ್ನೆ.

ಈಗ ನಿಮ್ಮ ಮಾತ್ರೆಗಳ ವಿಷಯ. ಊಟದ ನಡುವೆ ರಕ್ತದಲ್ಲಿ ಸಕ್ಕರೆ ಕುಸಿಯದಂತೆ ಯಕೃತ್ತು ಹೊಸದಾಗಿ ಗ್ಲೂಕೋಸ್ ತಯಾರಿಸುತ್ತಿರುತ್ತದೆ. ಮದ್ಯಸಾರ ಬಂದಾಗ ಆ ಕೆಲಸ ಹಿಂದೆ ಬೀಳುತ್ತದೆ. ಗ್ಲಿಮೆಪಿರೈಡ್ ಇನ್ನೊಂದು ಕಡೆಯಿಂದ ಇನ್ಸುಲಿನ್ ಹೆಚ್ಚಿಸಿ ಸಕ್ಕರೆಯನ್ನು ಇಳಿಸುತ್ತಿರುತ್ತದೆ. ಎರಡೂ ಸೇರಿದರೆ ರಾತ್ರಿ ನಿದ್ದೆಯಲ್ಲೋ ಮರುದಿನ ಬೆಳಿಗ್ಗೆಯೋ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬೆವರು, ನಡುಕ, ತೊದಲು, ತೂಕಡಿಕೆ ಇವು ಅದರ ಲಕ್ಷಣಗಳು. ವೈನ್ ವಾಸನೆ ಬರುತ್ತಿದ್ದರೆ ಸುತ್ತಲಿನವರು ಕುಡಿದ ಅಮಲೆಂದು ಭಾವಿಸಿ ಮಲಗಿಸಿಬಿಡುತ್ತಾರೆ. ಮೆಟ್‌ಫಾರ್ಮಿನ್ ಜೊತೆ ಅತಿಯಾಗಿ ಕುಡಿದರೆ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುವ, ಅಪರೂಪದ ಆದರೆ ಗಂಭೀರವಾದ ತೊಂದರೆಯೂ ಇದೆ.

ಆದ್ದರಿಂದ ಕುಡಿಯದಿರುವುದೇ ನಿಮಗೆ ಸಲೀಸು. ಮೂತ್ರಪಿಂಡ, ಯಕೃತ್ತು ಸರಿಯಿದ್ದು, ಸಕ್ಕರೆ ಹತೋಟಿಯಲ್ಲಿದ್ದು, ನಿಮ್ಮ ವೈದ್ಯರೂ ಒಪ್ಪಿದರೆ ಅಪರೂಪಕ್ಕೆ ಒಂದು ಚಿಕ್ಕ ಲೋಟವನ್ನು ಊಟದ ಜೊತೆಗೇ ತೆಗೆದುಕೊಳ್ಳಬಹುದು, ಖಾಲಿ ಹೊಟ್ಟೆಯಲ್ಲಿ ಎಂದೂ ಬೇಡ. ಪೋರ್ಟ್ ಎಂಬ ಹೆಸರಿನ ಸಿಹಿ ವೈನುಗಳನ್ನು ಬಿಡಿ. ಮಲಗುವ ಮುನ್ನ ಗ್ಲೂಕೋಮೀಟರಿನಲ್ಲಿ ಸಕ್ಕರೆ ನೋಡಿಕೊಳ್ಳಿ, ಬೆಳಿಗ್ಗೆ ಎದ್ದೊಡನೆ ಮತ್ತೊಮ್ಮೆ ನೋಡಿಕೊಳ್ಳಿ. ನೀವು ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ, ಮಂಕಾದರೆ ಮೊದಲು ಸಕ್ಕರೆ ನೀರು ಕುಡಿಸಬೇಕು, ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು ಎಂಬುದು ಜೊತೆಗಿರುವ ಒಬ್ಬರಿಗಾದರೂ ತಿಳಿದಿರಲಿ. ವಾಪಸು ಬರುವಾಗ ಕಾರಿನ ಬೀಗದ ಕೈ ಅವರ ಬಳಿಯೇ ಇರಲಿ. ನಮ್ಮ ಮೋಟಾರು ವಾಹನ ಕಾಯಿದೆಯ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಮದ್ಯಸಾರ, ಒಂದು ದೊಡ್ಡ ಲೋಟಕ್ಕೇ ಅದನ್ನು ಮುಟ್ಟುವವರಿದ್ದಾರೆ.